ಹಳೇ ಪಿಕಪ್ ಕೆಳಗೆ ಏನೋ ಸೋರುತ್ತಿದೆಯಾ? ಲೀಕ್ ಹುಡುಕುವ ಸರಿಯಾದ ಕ್ರಮ

"ಸೀಲ್ ಹಾಕಿಸಿದೆ, ಪ್ಯಾಕಿಂಗ್ ಹಾಕಿಸಿದೆ, ಆದ್ರೂ ಆಯಿಲ್ ಬೀಳ್ತಾನೇ ಇದೆ." ಹಳೇ ಪಿಕಪ್ ಇಟ್ಟುಕೊಂಡವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. (ಸೀಲ್ ಅಂದರೆ ತಿರುಗುವ ಶಾಫ್ಟ್ ಸುತ್ತ ಆಯಿಲ್ ತಡೆಯುವ ರಬ್ಬರ್ ರಿಂಗ್, ಪ್ಯಾಕಿಂಗ್ ಅಂದರೆ ಎರಡು ಭಾಗಗಳ ನಡುವೆ ಕೂರುವ ಗ್ಯಾಸ್ಕೆಟ್.) ಬಹಳ ಜನ ಎಡವುವುದು ಒಂದೇ ಜಾಗದಲ್ಲಿ. ನೆಲದ ಮೇಲೆ ಕಲೆ ಕಾಣುತ್ತದೆ, ಅದರ ನೇರಕ್ಕೆ ಬಗ್ಗಿ ನೋಡುತ್ತಾರೆ, ಅಲ್ಲಿ ಒದ್ದೆಯಾಗಿರುವ ಪಾರ್ಟ್ ಬದಲಾಯಿಸುತ್ತಾರೆ. ಆದರೆ ಆಯಿಲ್ ಎಲ್ಲಿ ಸೋರಿತೋ ಅಲ್ಲೇ ಕೆಳಗೆ ಬೀಳುವುದಿಲ್ಲ. ಮೇಲಿಂದ ಇಳಿದು, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೆ ಹರಿದು, ಎಲ್ಲೋ ತಗ್ಗಿನಲ್ಲಿ ಸೇರಿಕೊಂಡು ಆಮೇಲೆ ತೊಟ್ಟಿಕ್ಕುತ್ತದೆ. ಹಾಗಾಗಿ ಹುಡುಕಬೇಕಾದದ್ದು ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಮುಂದಿನ ಒದ್ದೆ ಜಾಗವನ್ನು.

ಇಲ್ಲಿ ಹೇಳಿರುವುದು ನಮ್ಮ ಕಡೆ ಜಾಸ್ತಿ ಓಡುವ ಬೊಲೆರೊ ಪಿಕಪ್, ಟಾಟಾ 207 ತರಹದ ಡೀಸೆಲ್ ಗಾಡಿಗಳಿಗೆ. ಮುಂದೆ ಎಂಜಿನ್, ನಡುವೆ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ಹಿಂದೆ ಕ್ರೌನ್ (ಡಿಫರೆನ್ಷಿಯಲ್), ಕೆಳಗೆ ಲೀಫ್ ಪ್ಲೇಟು. ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ ಹೊರುವ ಗಾಡಿ ಇರಲಿ, ಚಳ್ಳಕೆರೆ ಕಡೆಯಿಂದ ಈರುಳ್ಳಿ ತರುವ ಗಾಡಿ ಇರಲಿ, ಕ್ರಮ ಒಂದೇ.

## ಮೊದಲು ಇದನ್ನು ತೀರ್ಮಾನಿಸಿ: ಗಾಡಿ ಓಡಿಸಬಹುದಾ?

ಎಲ್ಲ ಲೀಕೂ ಒಂದೇ ಅಲ್ಲ. ಟ್ಯಾಪೆಟ್ ಕವರ್ (ಎಂಜಿನ್ ತಲೆ ಮೇಲಿನ ಮುಚ್ಚಳ) ಸುತ್ತ ಜಿಡ್ಡು ಹಿಡಿದಿದ್ದರೆ ಒಂದು ತಿಂಗಳು ಓಡಿಸಿದರೂ ಏನೂ ಆಗುವುದಿಲ್ಲ. ಆದರೆ ಕೆಳಗಿನ ಯಾವುದಾದರೂ ಒಂದು ಕಂಡರೆ ಗಾಡಿ ಅಲ್ಲೇ ನಿಲ್ಲಿಸಿ, ಮೆಕ್ಯಾನಿಕ್‌ನನ್ನೇ ಗಾಡಿ ಹತ್ತಿರ ಕರೆಸಿ.

ಬ್ರೇಕ್ ಪೆಡಲ್ ಮೆತ್ತಗಾಗಿದೆ, ಅಥವಾ ತುಳಿದಷ್ಟೂ ಕೆಳಗೆ ಹೋಗುತ್ತಿದೆ. ಆಯಿಲ್ ಪ್ರೆಶರ್ ಲೈಟ್ ಓಡುವಾಗ ಉರಿಯುತ್ತಿದೆ. ಟೆಂಪರೇಚರ್ ಮುಳ್ಳು ಮೇಲೇರಿದೆ. ಬಿಸಿ ಎಂಜಿನ್ ಮೇಲೆ ಅಥವಾ ಸೈಲೆನ್ಸರ್ ಪೈಪ್ ಹತ್ತಿರ ಡೀಸೆಲ್ ಚಿಮ್ಮುತ್ತಿದೆ. ಇನ್ನೊಂದನ್ನು ಬಹಳ ಜನ ಗಮನಿಸುವುದೇ ಇಲ್ಲ: ಡಿಪ್‌ಸ್ಟಿಕ್‌ನಲ್ಲಿ (ಆಯಿಲ್ ಅಳೆಯುವ ಕಡ್ಡಿ) ಆಯಿಲ್ ಮಟ್ಟ ಕಡಿಮೆಯಾಗುವ ಬದಲು *ಜಾಸ್ತಿ* ಆಗಿದೆ. ಇದನ್ನು ಮುಂದೆ ಹೇಳುತ್ತೇನೆ.

## ಬೇಕಾಗುವ ಸಾಮಾನು

ದೊಡ್ಡ ಖರ್ಚೇನೂ ಇಲ್ಲ. ಟಿವಿ ಅಥವಾ ಫ್ರಿಜ್ ಬಂದ ದೊಡ್ಡ ರಟ್ಟಿನ ಡಬ್ಬಿ, ಬಿಡಿಸಿ ಚಪ್ಪಟೆ ಮಾಡಿದ್ದು. ಬಿಳಿ ಟಿಶ್ಯೂ ಅಥವಾ ಹಳೇ ಬಿಳಿ ಬನಿಯನ್. ಒಳ್ಳೆ ಟಾರ್ಚ್, ಮೊಬೈಲ್ ಲೈಟ್ ಸಾಲುವುದಿಲ್ಲ, ಅದರ ಕ್ಯಾಮೆರಾ ಮಾತ್ರ ಕೈ ಹೋಗದ ಸಂದಿಗೆ ಬಹಳ ಉಪಯೋಗ. ಡೀಸೆಲ್ ಅಥವಾ ಡಿಗ್ರೀಸರ್, ಗಡಸು ಬ್ರಷ್, ರಿಂಗ್ ಪಾನಾ ಸೆಟ್, ಸ್ಕ್ರೂ ಡ್ರೈವರ್, ಒಂದು ಗಾಜಿನ ಲೋಟದಲ್ಲಿ ನೀರು, ಒಂದು ಡಬ್ಬಿ ಟಾಲ್ಕಮ್ ಪೌಡರ್, ಕೈಗವಸು, ನೋಟ್‌ಬುಕ್.

ಪೌಡರ್ ಬದಲು ಮನೆಯಲ್ಲಿದ್ದ ರಂಗೋಲಿ ಪುಡಿ ಹಾಕಬೇಡಿ. ಅದು ಕಲ್ಲಿನ ಪುಡಿ. ಬೆಲ್ಟಿಗೋ ಸೀಲಿನ ತುಟಿಗೋ ಹೋದರೆ ಇಲ್ಲದ ಲೀಕ್ ಹುಟ್ಟಿಕೊಳ್ಳುತ್ತದೆ.

ಕೆಳಗೆ ಮಲಗುವ ವಿಷಯ. ಗಾಡಿ ಖಾಲಿ ಇರಬೇಕು, ನೆಲ ಗಟ್ಟಿ ಇರಬೇಕು, ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟಿರಬೇಕು. ಬರೀ ಜಾಕ್ ನಂಬಿ ಕೆಳಗೆ ತೂರಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ದಪ್ಪ ಮರದ ತುಂಡುಗಳನ್ನು ಅಡ್ಡಡ್ಡ ಪೇರಿಸಿ. ಹಾಲೋ ಬ್ಲಾಕ್ ಬೇಡವೇ ಬೇಡ, ಅದು ಬಿರುಕು ಬಿಡುವ ಮುಂಚೆ ಯಾವ ಸೂಚನೆಯೂ ಕೊಡುವುದಿಲ್ಲ. ಹತ್ತಿರದಲ್ಲಿ ವಾಟರ್ ಸರ್ವಿಸ್‌ನವರ ರ್‍ಯಾಂಪ್ ಇದ್ದರೆ ಬಿಡುವಿನ ಹೊತ್ತಿನಲ್ಲಿ ಅರ್ಧ ಗಂಟೆ ಕೇಳಿಕೊಳ್ಳಿ, ಕೆಲಸ ಸುಲಭವಾಗುತ್ತದೆ.

## ಹಂತ 1: ರಾತ್ರಿ ರಟ್ಟು ಹಾಸಿ

ಸಂಜೆ ಗಾಡಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಎಂಜಿನ್‌ನಿಂದ ಹಿಂದಿನ ಕ್ರೌನ್ ಹೌಸಿಂಗ್‌ವರೆಗೆ ರಟ್ಟು ಹಾಸಿ. ಮುಂದಿನ ಎರಡು ಟೈರ್ ಎಲ್ಲಿದೆ ಅಂತ ರಟ್ಟಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ. ಈ ಗುರುತು ಇಲ್ಲದಿದ್ದರೆ ಬೆಳಿಗ್ಗೆ ರಟ್ಟು ಎಳೆದ ಮೇಲೆ ಯಾವ ಕಲೆ ಯಾವುದರ ಕೆಳಗಿತ್ತು ಅಂತ ಗೊತ್ತಾಗುವುದೇ ಇಲ್ಲ.

ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ರಟ್ಟು ನೋಡಿ. ಆಮೇಲೆ ಎಂಜಿನ್ ಬಿಸಿಯಾಗುವವರೆಗೆ ಓಡಿಸಿ, ಅದೇ ಜಾಗದಲ್ಲಿ ನಿಲ್ಲಿಸಿ, ಹೊಸ ರಟ್ಟಿನ ಮೇಲೆ ಮತ್ತೆ ನೋಡಿ. ತಣ್ಣಗಿದ್ದಾಗ ಮಾತ್ರ ಬೀಳುವುದು ಬೇರೆ, ಬಿಸಿಯಾದಾಗ ಮಾತ್ರ ಬೀಳುವುದು ಬೇರೆ. ಕೂಲಂಟ್ ಹೋಸ್ ಕ್ಲಿಪ್ ಸಡಿಲವಾಗಿದ್ದರೆ ಹೆಚ್ಚಾಗಿ ತಣ್ಣಗಾದಾಗ ಸೋರುತ್ತದೆ. ಒತ್ತಡದಿಂದ ಬರುವ ಆಯಿಲ್ ಲೀಕು ಎಂಜಿನ್ ಓಡುವಾಗ ಮಾತ್ರ ಕಾಣಿಸುತ್ತದೆ.

ಹಾಂ, ರಟ್ಟು ಹಾಸುವ ಮುಂಚೆ ಲೋಡ್ ಬಾಡಿ ಒಮ್ಮೆ ನೋಡಿಬಿಡಿ. ಕೊಳೆತ ಟೊಮೇಟೊ ನೀರು, ಹಾಲಿನ ಕ್ಯಾನ್‌ನಿಂದ ಚೆಲ್ಲಿದ್ದು, ಕ್ರಿಮಿನಾಶಕದ ಡಬ್ಬಿ ಸೋರಿದ್ದು ಹಲಗೆ ಸಂದಿಯಿಂದ ಇಳಿದು ಕ್ರೌನ್ ಮೇಲೆ ಬಿದ್ದರೆ, ನೀವು ಕ್ರೌನ್ ಬಿಚ್ಚುತ್ತಾ ಕೂರುತ್ತೀರಿ.

## ಹಂತ 2: ಬಿದ್ದಿರುವುದು ಏನು ಅಂತ ಗುರುತು ಹಿಡಿಯಿರಿ

ಬಿಳಿ ಟಿಶ್ಯೂನಲ್ಲಿ ಒತ್ತಿ ತೆಗೆದು ಬಿಸಿಲಿನಲ್ಲಿ ನೋಡಿ. ಬಣ್ಣ, ಜಿಡ್ಡು, ವಾಸನೆ ಮೂರನ್ನೂ ನೋಡಬೇಕು, ಒಂದನ್ನೇ ನಂಬಬೇಡಿ. ನಾಲಿಗೆಗೆ ಮಾತ್ರ ಮುಟ್ಟಿಸಬೇಡಿ. ಕೂಲಂಟ್ ಸಿಹಿ, ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ.

ಎಂಜಿನ್ ಆಯಿಲ್: ಡೀಸೆಲ್ ಗಾಡಿಯಲ್ಲಿ ಕಪ್ಪಗೇ ಇರುತ್ತದೆ. ಬದಲಾಯಿಸಿ ಸ್ವಲ್ಪ ದೂರ ಓಡಿದರೆ ಸಾಕು, ಮಸಿ ಸೇರಿ ಕಪ್ಪಾಗುತ್ತದೆ, ಅದು ದೋಷ ಅಲ್ಲ.

ಗೇರ್ ಆಯಿಲ್, ಕ್ರೌನ್ ಆಯಿಲ್: ದಪ್ಪ, ಕಂದು ಅಥವಾ ಜೇನಿನ ಬಣ್ಣ. ಮೂಗಿಗೆ ಹೊಡೆಯುವ ಗಂಧಕದ ವಾಸನೆ. ಒಮ್ಮೆ ಮೂಸಿದರೆ ಜನ್ಮದಲ್ಲಿ ಮರೆಯುವುದಿಲ್ಲ.

ಪವರ್ ಸ್ಟೀರಿಂಗ್ ಆಯಿಲ್: ಹೆಚ್ಚಾಗಿ ಕೆಂಪು, ತೆಳ್ಳಗೆ. ಹಳೆಯದಾದರೆ ಕಂದು.

ಕೂಲಂಟ್: ಹಸಿರು, ಕೆಂಪು, ನೀಲಿ ಯಾವುದೂ ಇರಬಹುದು, ಕಂಪನಿಗೊಂದು ಬಣ್ಣ. ಕೈಗೆ ಸ್ವಲ್ಪ ಅಂಟು, ಸಿಹಿ ವಾಸನೆ. ಒಣಗಿದರೆ ಬಿಳಿ ಅಥವಾ ಹಸಿರು ಪುಡಿ ಕಟ್ಟುತ್ತದೆ.

ಬ್ರೇಕ್, ಕ್ಲಚ್ ಆಯಿಲ್: ತೆಳು ಹಳದಿ, ಹಳೆಯದು ಟೀ ಬಣ್ಣ. ಬೆರಳಲ್ಲಿ ಬಹಳ ಜಾರುತ್ತದೆ. ಪೇಂಟ್ ಮೇಲೆ ಬಿದ್ದರೆ ಪೇಂಟ್ ಉಬ್ಬಿ ಎದ್ದು ಬರುತ್ತದೆ.

ಡೀಸೆಲ್: ವಾಸನೆಯೇ ಹೇಳುತ್ತದೆ. ರಟ್ಟಿನ ಮೇಲೆ ಅಗಲಕ್ಕೆ ಹರಡುತ್ತದೆ, ಬೇಗ ಆರುವುದಿಲ್ಲ.

ಅನುಮಾನ ಬಂದರೆ ಲೋಟದ ನೀರಿಗೆ ಒಂದು ಹನಿ ಬಿಡಿ. ಮೇಲೆ ತೇಲಿ ಕಾಮನಬಿಲ್ಲಿನ ಪದರ ಕಟ್ಟಿದರೆ ಆಯಿಲ್ ಅಥವಾ ಡೀಸೆಲ್. ನೀರಿನಲ್ಲಿ ಕರಗಿ ಹೋದರೆ ಬ್ರೇಕ್ ಆಯಿಲ್ ಅಥವಾ ಕೂಲಂಟ್. ಹಿಂದಿನ ಚಕ್ರದ ಒಳಗೆ ಒದ್ದೆ ಕಂಡಾಗ ಈ ಲೋಟದ ಪರೀಕ್ಷೆ ಬಹಳ ಕೆಲಸಕ್ಕೆ ಬರುತ್ತದೆ. ಅಲ್ಲಿ ಕ್ರೌನ್ ಆಯಿಲ್ಲೂ ಬರಬಹುದು, ಬ್ರೇಕ್ ಆಯಿಲ್ಲೂ ಬರಬಹುದು, ಮಣ್ಣು ಬೆರೆತ ಮೇಲೆ ಎರಡೂ ಕಣ್ಣಿಗೆ ಒಂದೇ ತರಹ ಕಾಣುತ್ತವೆ.

## ಹಂತ 3: ತೊಳೆಯಿರಿ. ಇದನ್ನು ಬಿಟ್ಟವರೇ ಜಾಸ್ತಿ

ಹತ್ತು ವರ್ಷದ ಜಿಡ್ಡಿನ ಮೇಲೆ ಕಪ್ಪು ಮಣ್ಣಿನ ಧೂಳು ಕೂತು ಗಟ್ಟಿಯಾದ ಎಂಜಿನ್‌ನಲ್ಲಿ ಯಾವ ಮೆಕ್ಯಾನಿಕ್‌ಗೂ ಲೀಕ್ ಕಾಣುವುದಿಲ್ಲ, ಅಂದಾಜಿಗೆ ಹೇಳುತ್ತಾನೆ ಅಷ್ಟೇ. ಆ ಅಂದಾಜಿಗೆ ದುಡ್ಡು ಕೊಡುವವರು ನೀವು.

ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಆಲ್ಟರ್ನೇಟರ್, ಏರ್ ಫಿಲ್ಟರ್ ಬಾಯಿ, ಫ್ಯೂಸ್ ಬಾಕ್ಸ್, ವೈರಿಂಗ್ ಕಪ್ಲರ್‌ಗಳಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ. ಡಿಗ್ರೀಸರ್ ಅಥವಾ ಡೀಸೆಲ್ ಹಚ್ಚಿ ಬ್ರಷ್‌ನಲ್ಲಿ ಉಜ್ಜಿ, ಜಿಡ್ಡು ಬಿಟ್ಟ ಮೇಲೆ ಕಡಿಮೆ ಪ್ರೆಶರ್ ನೀರಿನಲ್ಲಿ ತೊಳೆಯಿರಿ. ವಾಟರ್ ಸರ್ವಿಸ್‌ನಲ್ಲಿ ಮಾಡಿಸುವುದಾದರೆ ಗನ್ ಹಿಡಿದ ಹುಡುಗನಿಗೆ ಮುಂಚೆಯೇ ಹೇಳಿ, ಸೀಲ್‌ಗೂ ಕಪ್ಲರ್‌ಗೂ ನೇರವಾಗಿ ಹೊಡೆಯಬೇಡ ಅಂತ. ತೊಳೆಯುವಾಗ ಡೀಸೆಲ್ ಬಳಸಿದ್ದರೆ ಸೋಪು ನೀರಿನಲ್ಲಿ ಅದನ್ನೂ ತೆಗೆದುಬಿಡಿ, ಇಲ್ಲದಿದ್ದರೆ ನಾಳೆ ಡೀಸೆಲ್ ವಾಸನೆ ಬಂದಾಗ ಲೀಕೋ ತೊಳೆದಿದ್ದೋ ತಿಳಿಯುವುದಿಲ್ಲ.

ಪೂರ್ತಿ ಒಣಗಿದ ಮೇಲೆ ಅನುಮಾನದ ಜಾಗಗಳ ಮೇಲೆ ಟಾಲ್ಕಮ್ ಪೌಡರ್ ತೆಳ್ಳಗೆ ಊದಿ. ಬೆಲ್ಟ್ ಮೇಲೆ ಬೇಡ. ಆಮೇಲೆ ಒಂದು ಸಣ್ಣ ಸುತ್ತು ಹೋಗಿ ಬನ್ನಿ. ದಾವಣಗೆರೆಯವರಿಗೆ ಹರಿಹರದವರೆಗೆ ಹೈವೇಯಲ್ಲಿ ಹೋಗಿ ಬಂದರೆ ಸಾಕು, ಚಿತ್ರದುರ್ಗದವರು ಭರಮಸಾಗರದ ಕಡೆ ಸ್ವಲ್ಪ ದೂರ ಹೋಗಿ ತಿರುಗಿಸಿ. ಬಂದ ತಕ್ಷಣ ಬಾನೆಟ್ ಎತ್ತಿ ನೋಡಿ. ಬಿಳಿ ಪೌಡರ್ ಮೇಲೆ ಕಪ್ಪು ಗೆರೆ ಎಲ್ಲಿಂದ ಶುರುವಾಗಿದೆಯೋ ಅದೇ ನಿಮ್ಮ ಜಾಗ. ಗೆರೆಯ ಕೊನೆಯನ್ನಲ್ಲ, ಮೊದಲನ್ನು ನೋಡಿ.

## ಹಂತ 4: ಸೀಲ್‌ಗೆ ಕೈ ಹಾಕುವ ಮುಂಚೆ ಬ್ರೀದರ್ ನೋಡಿ

ಒಂದೇ ಸಲ ಎರಡು ಮೂರು ಕಡೆ ಸೋರುತ್ತಿದೆಯಾ? ಹೊಸ ಸೀಲ್ ಹಾಕಿಸಿದ ಸ್ವಲ್ಪ ದಿನಕ್ಕೇ ಮತ್ತೆ ಶುರುವಾಯಿತಾ? ಹಾಗಾದರೆ ತಪ್ಪು ಸೀಲಿನದ್ದಲ್ಲ, ಒಳಗಿನ ಗಾಳಿಯದ್ದು ಇರಬಹುದು.

ಎಂಜಿನ್ ಒಳಗೆ ಪಿಸ್ಟನ್ ದಾಟಿ ಸ್ವಲ್ಪ ಗ್ಯಾಸು, ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರ್‌ಗೆ ಇಳಿಯುತ್ತಲೇ ಇರುತ್ತದೆ. ಅದು ಹೊರಗೆ ಹೋಗಲು ಇರುವ ದಾರಿಯೇ ಬ್ರೀದರ್ ಪೈಪ್. ಅದು ಜಿಡ್ಡು ಕಟ್ಟಿ ಮುಚ್ಚಿದರೆ ಆ ಗಾಳಿ ಪ್ಯಾಕಿಂಗ್, ಸೀಲ್ ಯಾವುದು ಮೆತ್ತಗಿದೆಯೋ ಅಲ್ಲಿಂದ ಆಯಿಲ್ ತಳ್ಳಿಕೊಂಡು ಹೊರಗೆ ಬರುತ್ತದೆ. ಪೈಪ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು, ಊದಿ ನೋಡಿ. ಬಿರುಕು ಬಿಟ್ಟಿದ್ದರೆ, ಒಳಗೆ ಮಡಚಿಕೊಂಡಿದ್ದರೆ ಬದಲಾಯಿಸಿ. ಅಗ್ಗದ ಕೆಲಸ.

ಅದಾದ ಮೇಲೆ ಒಂದು ಪರೀಕ್ಷೆ. ಎಂಜಿನ್ ಬಿಸಿ ಮಾಡಿ, ಸ್ಲೋ ಓಡುವಾಗ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅದೇ ಬಾಯಿ ಮೇಲೆ ಮಗುಚಿ ಇಡಿ. ಸ್ವಲ್ಪ ಅಲುಗಾಡಿದರೆ ಸರಿ. ಕುಣಿದು ಹಾರಿ ಬಿದ್ದರೆ, ಜೊತೆಗೆ ದಟ್ಟ ಹೊಗೆ ಒಂದೇ ಸಮ ಬರುತ್ತಿದ್ದರೆ, ಪಿಸ್ಟನ್ ರಿಂಗ್ ಸವೆದಿದೆ ಅಂತ ಅರ್ಥ. ಅಂಥ ಎಂಜಿನ್‌ಗೆ ಸೀಲ್ ಮೇಲೆ ಸೀಲ್ ಹಾಕಿಸುವುದು ದುಡ್ಡು ದಂಡ.

ಕ್ರೌನ್ ಹೌಸಿಂಗ್ ಮೇಲೂ ಒಂದು ಪುಟ್ಟ ಬ್ರೀದರ್ ಇದೆ. ಅದನ್ನು ಕೇಳುವವರೇ ಇಲ್ಲ. ಭದ್ರಾ ಚಾನಲ್ ಕೆಳಗಿನ ಗದ್ದೆ ದಾರಿಗಳಲ್ಲಿ ಓಡುವ ಗಾಡಿಗಳಿಗೆ ಇದರ ಮೇಲೆ ಕೆಸರು ಮೆತ್ತಿ ಒಣಗಿ ಸಿಮೆಂಟ್ ಆಗಿರುತ್ತದೆ. ಲೋಡ್ ಹಾಕಿಕೊಂಡು ಓಡುವಾಗ ಹೌಸಿಂಗ್ ಬಿಸಿಯಾಗುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ, ಹೋಗಲು ದಾರಿಯಿಲ್ಲದೆ ಆಕ್ಸಲ್ ಸೀಲ್ ದಾಟಿಸಿ ಆಯಿಲ್ಲನ್ನು ಬ್ರೇಕ್ ಡ್ರಮ್ ಒಳಕ್ಕೆ ತಳ್ಳುತ್ತದೆ. ಮಾಲೀಕ ಆಕ್ಸಲ್ ಸೀಲ್ ಬದಲಾಯಿಸುತ್ತಾನೆ, ಬ್ರೇಕ್ ಲೈನರ್ ಬದಲಾಯಿಸುತ್ತಾನೆ, ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕತೆ. ಬೆರಳಿನಿಂದ ಬ್ರೀದರ್ ಮುಚ್ಚಳ ತಿರುಗಿಸಿ, ಸಡಿಲವಾಗಿ ಆಡಬೇಕು. ಆಡದಿದ್ದರೆ ಬಿಚ್ಚಿ ತೊಳೆಯಿರಿ, ಆಮೇಲೂ ಆಡದಿದ್ದರೆ ಹೊಸದು ಹಾಕಿ.

## ಹಂತ 5: ಮೇಲಿಂದ ಕೆಳಗೆ, ಮುಂದಿನಿಂದ ಹಿಂದೆ

### ಎಂಜಿನ್ ಆಯಿಲ್

ಈ ಕ್ರಮದಲ್ಲೇ ನೋಡಿ: ಆಯಿಲ್ ಮುಚ್ಚಳ, ಟ್ಯಾಪೆಟ್ ಕವರ್ ಪ್ಯಾಕಿಂಗ್, ವ್ಯಾಕ್ಯೂಮ್ ಪಂಪ್, ಆಯಿಲ್ ಫಿಲ್ಟರ್, ಪ್ರೆಶರ್ ಸ್ವಿಚ್, ಮುಂದಿನ ಟೈಮಿಂಗ್ ಕವರ್ ಮತ್ತು ಕ್ರ್ಯಾಂಕ್ ಸೀಲ್, ಚೇಂಬರ್ ಪ್ಯಾಕಿಂಗ್, ಡ್ರೈನ್ ಬೋಲ್ಟ್.

ವ್ಯಾಕ್ಯೂಮ್ ಪಂಪ್ ಬಗ್ಗೆ ಒಂದು ಮಾತು. ಹಳೇ ಡೀಸೆಲ್ ಗಾಡಿಗಳಲ್ಲಿ ಬ್ರೇಕ್ ಬೂಸ್ಟರ್‌ಗೆ ಬೇಕಾದ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರ್ ಹಿಂದೆಯೇ ಕೂತಿರುವುದು ಸಾಮಾನ್ಯ. ಅದಕ್ಕೆ ಎಂಜಿನ್ ಆಯಿಲ್ ಹೋಗುವ ಒಂದು ಸಣ್ಣ ಪೈಪ್, ವಾಪಸ್ ಬರುವ ಒಂದು ರಬ್ಬರ್ ಹೋಸ್ ಇರುತ್ತದೆ. ಈ ಹೋಸ್ ಬಿಸಿಗೆ ಗಟ್ಟಿಯಾಗಿ ಬಿರಿಯುತ್ತದೆ. ಆಯಿಲ್ ಎಂಜಿನ್ ಪಕ್ಕದಲ್ಲಿ ಇಳಿದು ಚೇಂಬರ್ ಅಂಚಿನಲ್ಲಿ ಸೇರುತ್ತದೆ, ನೋಡಿದವರು "ಚೇಂಬರ್ ಪ್ಯಾಕಿಂಗ್ ಹೋಗಿದೆ" ಅಂತಾರೆ. ಹೋಸ್ ಹಿಂಡಿ ನೋಡಿ, ಬಿರುಕು ಕಂಡರೆ ಚೇಂಬರ್ ಮುಟ್ಟಬೇಡಿ.

ಫಿಲ್ಟರ್ ಬದಲಾಯಿಸಿದ ಮಾರನೇ ದಿನವೇ ಜೋರಾಗಿ ಸೋರಿದರೆ, ಹಳೇ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್‌ಗೇ ಅಂಟಿ ಉಳಿದು ಅದರ ಮೇಲೆ ಹೊಸ ರಿಂಗ್ ಕೂತಿರಬಹುದು. ತಕ್ಷಣ ಬಿಚ್ಚಿ ನೋಡಿ, ಹೀಗೆಯೇ ಓಡಿಸಿದರೆ ಆಯಿಲ್ ಪೂರ್ತಿ ಖಾಲಿಯಾಗಬಹುದು.

### ಬೆಲ್ ಹೌಸಿಂಗ್: ದುಡ್ಡು ಜಾಸ್ತಿ ಹೋಗುವ ಜಾಗ

ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಗಂಟೆಯಾಕಾರದ ಭಾಗದ ತಳದಿಂದ ತೊಟ್ಟಿಕ್ಕುತ್ತಿದ್ದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ: "ಹಿಂದಿನ ಕ್ರ್ಯಾಂಕ್ ಸೀಲ್, ಗೇರ್‌ಬಾಕ್ಸ್ ಇಳಿಸಬೇಕು." ಇಳಿಸುವ ಮುಂಚೆ ಸ್ವಲ್ಪ ತಾಳಿ. ಅಲ್ಲಿಗೆ ಬರುವ ದಾರಿ ನಾಲ್ಕು.

ತಳದ ತೂತಿಗೆ ಟಿಶ್ಯೂ ಸುತ್ತಿದ ಕಡ್ಡಿ ತೂರಿಸಿ ತೆಗೆಯಿರಿ. ಕಪ್ಪಗೆ, ಮಸಿ ವಾಸನೆ ಇದ್ದರೆ ಎಂಜಿನ್ ಆಯಿಲ್. ಕಂದು ಬಣ್ಣ, ಗಂಧಕದ ವಾಸನೆ ಇದ್ದರೆ ಗೇರ್‌ಬಾಕ್ಸಿನ ಮುಂದಿನ ಸೀಲ್. ತೆಳ್ಳಗೆ, ನೀರಿನಲ್ಲಿ ಕರಗಿದರೆ ಕ್ಲಚ್ ಸಿಲಿಂಡರ್. ಎಂಜಿನ್ ಆಯಿಲ್ ಅಂತಲೇ ಖಾತ್ರಿಯಾದರೂ ಇನ್ನೊಂದು ಬಾಕಿ ಇದೆ. ಟ್ಯಾಪೆಟ್ ಕವರಿನ ಹಿಂದಿನ ಮೂಲೆಗೆ ಕೈ ಹಾಕಿ, ಎಂಜಿನ್ ಮತ್ತು ಕ್ಯಾಬಿನ್ ಗೋಡೆಯ ನಡುವಿನ ಆ ಇಕ್ಕಟ್ಟು ಸಂದಿ ಇದೆಯಲ್ಲ, ಅಲ್ಲಿ. ಕಣ್ಣಿಗೆ ಕಾಣುವುದಿಲ್ಲ, ಮೊಬೈಲ್ ಕ್ಯಾಮೆರಾ ಇಳಿಬಿಟ್ಟು ಫೋಟೋ ತೆಗೆಯಿರಿ. ಆ ಮೂಲೆ ಒದ್ದೆ ಇದ್ದು, ಅಲ್ಲಿಂದ ಬೆಲ್ ಹೌಸಿಂಗ್ ಮೇಲೆ ಹಸಿ ಗೆರೆ ಇಳಿದಿದ್ದರೆ ಮೊದಲು ಆ ಕವರ್ ಪ್ಯಾಕಿಂಗ್ ಹಾಕಿಸಿ, ತೊಳೆದು, ಮತ್ತೆ ನೋಡಿ. ಒಂದು ಪ್ಯಾಕಿಂಗಿನ ಖರ್ಚಿಗೂ ಗೇರ್‌ಬಾಕ್ಸ್ ಇಳಿಸುವ ಖರ್ಚಿಗೂ ಅಜಗಜಾಂತರ.

ಕೊನೆಗೂ ಗೇರ್‌ಬಾಕ್ಸ್ ಇಳಿಸಲೇಬೇಕಾಗಿ ಬಂದರೆ ಕ್ರ್ಯಾಂಕ್ ಸೀಲ್, ಗೇರ್‌ಬಾಕ್ಸಿನ ಮುಂದಿನ ಸೀಲ್, ಕ್ಲಚ್ ಬೇರಿಂಗ್ ಒಟ್ಟಿಗೇ ಬದಲಾಯಿಸಿ, ಕ್ಲಚ್ ಪ್ಲೇಟ್ ಸವೆದಿದ್ದರೆ ಅದನ್ನೂ. ಕೂಲಿ ಒಂದೇ ಸಲ ಬೀಳುತ್ತದೆ. ಹಳೇ ಸೀಲಿನ ತುಟಿ ಉಜ್ಜಿ ಶಾಫ್ಟ್ ಮೇಲೆ ಗೆರೆ ಬಿದ್ದಿದೆಯಾ ಅಂತ ಉಗುರಿನಲ್ಲಿ ಗೀರಿ ನೋಡಲು ಹೇಳಿ. ಉಗುರು ಸಿಕ್ಕಿಕೊಂಡರೆ ಹೊಸ ಸೀಲ್ ಕೂಡ ಸೋರುತ್ತದೆ.

### ಕೂಲಂಟ್

ರೇಡಿಯೇಟರ್ ಮುಚ್ಚಳ ಬಿಸಿಯಿದ್ದಾಗ ತೆಗೆಯಬೇಡಿ. ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ, ಮುಚ್ಚಳ ತೆಗೆದ ಕ್ಷಣ ಒಮ್ಮೆಲೇ ಕುದ್ದು ಮುಖಕ್ಕೆ ಚಿಮ್ಮುತ್ತದೆ.

ಮೊದಲು ಮುಚ್ಚಳದ್ದೇ ರಬ್ಬರ್ ನೋಡಿ. ಆಮೇಲೆ ಮೇಲಿನ ಹೋಸ್, ಕೆಳಗಿನ ಹೋಸ್, ರೇಡಿಯೇಟರಿನ ಅಂಚು, ಬ್ಲಾಕಿನ ಪಕ್ಕದ ದುಂಡನೆ ಡಮ್ಮಿ ಪ್ಲಗ್‌ಗಳು, ಕೊನೆಗೆ ವಾಟರ್ ಪಂಪ್. ಪಂಪಿನ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ನೀರು ಬಂದರೆ ಒಳಗಿನ ಸೀಲ್ ಹೋಗಿದೆ ಎಂದು ಹೇಳುವುದಕ್ಕೇ ಅದನ್ನು ಇಟ್ಟಿರುವುದು. ಕೆಲವರು ಅದಕ್ಕೇ ಎಂ-ಸೀಲ್ ಮೆತ್ತುತ್ತಾರೆ! ಆಗ ನೀರು ಬೇರಿಂಗ್ ಕಡೆ ತಿರುಗಿ ಪಂಪ್ ಜಾಮ್ ಆಗುತ್ತದೆ.

ಹೊರಗೆಲ್ಲೂ ಒದ್ದೆ ಇಲ್ಲ, ಆದರೂ ನೀರು ಕಡಿಮೆಯಾಗುತ್ತಿದೆ ಅಂದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ತಣ್ಣನೆ ಎಂಜಿನ್‌ನಲ್ಲಿ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ, ನೀರಿನಲ್ಲಿ ಗುಳ್ಳೆ ನಿಲ್ಲದೆ ಬರುತ್ತಿದ್ದರೆ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಗಾಡಿ ಓಡಿಸಬೇಡಿ. ಬರೀ ಆಯಿಲ್ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಬಿಳಿ ನೊರೆ ಇದ್ದರೆ ಗಾಬರಿ ಬೇಡ, ಚಳಿಗಾಲದಲ್ಲಿ ಸಣ್ಣ ಸಣ್ಣ ಓಡಾಟಕ್ಕೆ ಹಾಗೆ ಆಗುತ್ತದೆ.

ಅರಿಶಿನ ಪುಡಿ ಹಾಕುವ ಚಾಳಿ ನಮ್ಮ ಡ್ರೈವರ್‌ಗಳಲ್ಲಿ ಇನ್ನೂ ಇದೆ. ನಡು ರಸ್ತೆಯಲ್ಲಿ ಸಿಕ್ಕಿಕೊಂಡಾಗ ಮನೆ ಮುಟ್ಟಲು ಸರಿ. ಆಮೇಲೆ ಪೂರ್ತಿ ತೊಳೆಯದಿದ್ದರೆ ಅದೇ ಪುಡಿ ರೇಡಿಯೇಟರ್ ಟ್ಯೂಬ್ ಕಟ್ಟಿ ಬೇಸಿಗೆಯಲ್ಲಿ ಹೀಟ್ ಆಗುತ್ತದೆ. ಬೋರ್‌ವೆಲ್ ನೀರೂ ಹಾಗೆಯೇ. ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯಲ್ಲಿ ಬೋರ್ ನೀರು ಕಾಯಿಸಿದ ಪಾತ್ರೆಯ ತಳ ನೋಡಿ, ಬಿಳಿ ಪದರ ಕಟ್ಟಿರುತ್ತದಲ್ವಾ, ಅದೇ ಎಂಜಿನ್ ಒಳಗೂ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಬಳಸಿ, ಕೂಲಂಟ್ ಡಬ್ಬಿ ಮೇಲೆ ಬರೆದ ಪ್ರಮಾಣದಲ್ಲೇ ಬೆರೆಸಿ. ರೆಡಿಮಿಕ್ಸ್ ಡಬ್ಬಿ ತಂದಿದ್ದರೆ ಅದಕ್ಕೆ ಮತ್ತೆ ನೀರು ಸೇರಿಸಬೇಡಿ.

### ಡೀಸೆಲ್

ಫಿಲ್ಟರ್, ಅದರ ಮೇಲಿನ ಪಂಪ್, ಬೋಲ್ಟ್ ಕೆಳಗಿನ ತಾಮ್ರದ ವಾಷರ್, ಇಂಜೆಕ್ಟರ್‌ನಿಂದ ವಾಪಸ್ ಬರುವ ಸಣ್ಣ ಪೈಪ್‌ಗಳನ್ನು ನೋಡಿ. ನಿಂತಾಗ ಸೋರುವ ಜಾಗ ಓಡುವಾಗ ಗಾಳಿ ಎಳೆದುಕೊಳ್ಳಬಹುದು. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುವ ಗಾಡಿಗೆ ಬ್ಯಾಟರಿ ಬದಲಾಯಿಸುವ ಮುಂಚೆ ಟ್ಯಾಂಕಿನಿಂದ ಬರುವ ಲೈನ್‌ಗೆ ಒಂದು ತುಂಡು ಪಾರದರ್ಶಕ ಡೀಸೆಲ್ ಪೈಪ್ ಹಾಕಿ ನೋಡಿ, ಗುಳ್ಳೆ ಓಡುತ್ತಿದ್ದರೆ ಕಾರಣ ಸಿಕ್ಕಿತು.

ಪಂಪಿನಿಂದ ಇಂಜೆಕ್ಟರ್‌ಗೆ ಹೋಗುವ ಕಬ್ಬಿಣದ ಪೈಪ್‌ಗಳನ್ನು ಎಂಜಿನ್ ಓಡುವಾಗ ಕೈಯಿಂದ ಮುಟ್ಟಿ ಪರೀಕ್ಷಿಸಬೇಡಿ. ಕಾಮನ್ ರೈಲ್ ಎಂಜಿನ್‌ನಲ್ಲಿ ಒತ್ತಡ 1,000 ಬಾರ್ ದಾಟುತ್ತದೆ. ಸೂಜಿಯಷ್ಟು ಸಣ್ಣ ಧಾರೆ ಕೈಗವಸು, ಚರ್ಮ ಎರಡನ್ನೂ ತೂರಿ ಒಳಗೆ ಹೋಗುತ್ತದೆ. ಗಾಯ ಚುಕ್ಕೆಯಷ್ಟೇ ಕಂಡರೂ ಬೆರಳು ಹೋಗುವ ಅಪಾಯ ಇದೆ, ತಡ ಮಾಡದೆ ದೊಡ್ಡಾಸ್ಪತ್ರೆಗೆ ಹೋಗಬೇಕು. ರಟ್ಟಿನ ತುಂಡು ಹಿಡಿದು ನೋಡಿ.

ಇನ್ನು ಡಿಪ್‌ಸ್ಟಿಕ್ ಮಟ್ಟ ಏರುವ ವಿಷಯ. ಮೂಸಿ ನೋಡಿ, ಡೀಸೆಲ್ ವಾಸನೆ ಬಂದರೆ ಫೀಡ್ ಪಂಪ್, ಇಂಜೆಕ್ಷನ್ ಪಂಪಿನ ಸೀಲ್ ಅಥವಾ ಇಂಜೆಕ್ಟರ್‌ನಿಂದ ಡೀಸೆಲ್ ಚೇಂಬರ್‌ಗೆ ಇಳಿಯುತ್ತಿದೆ. ತೆಳುವಾದ ಆಯಿಲ್ ಬೇರಿಂಗ್ ತಿನ್ನುತ್ತದೆ. ಮಟ್ಟ ತುಂಬಾ ಏರಿದರೆ ಎಂಜಿನ್ ಆ ಆಯಿಲ್ಲನ್ನೇ ಸುಡುತ್ತಾ, ಕೀ ಆಫ್ ಮಾಡಿದರೂ ನಿಲ್ಲದೆ ರೇಸ್ ಆಗಬಹುದು. ಸ್ಟಾರ್ಟ್ ಮಾಡದೆ ಮೆಕ್ಯಾನಿಕ್ ಕರೆಸಿ.

ಡೀಸೆಲ್ ಟ್ಯಾಂಕ್ ಬಿರುಕಿಗೆ ಬಟ್ಟೆ ಸೋಪು ಉಜ್ಜುವುದು ದಾರಿ ಮಧ್ಯದ ಉಪಾಯ ಮಾತ್ರ. ಖಾಲಿ ಟ್ಯಾಂಕನ್ನು ಹಾಗೇ ವೆಲ್ಡಿಂಗ್‌ಗೆ ಕೊಡಬೇಡಿ. ಒಳಗಿನ ಆವಿಗೆ ಬೆಂಕಿ ಹಿಡಿದು ಸಿಡಿಯುತ್ತದೆ.

### ಬ್ರೇಕ್, ಕ್ಲಚ್, ಹಿಂದಿನ ಚಕ್ರ

ಕ್ಯಾಬಿನ್ ಒಳಗೆ ಕ್ಲಚ್ ಪೆಡಲ್ ಮೇಲ್ಭಾಗದ ಗೋಡೆ ಮುಟ್ಟಿ ನೋಡಿ. ಒದ್ದೆ ಇದ್ದರೆ ಮಾಸ್ಟರ್ ಸಿಲಿಂಡರ್. ಹಿಂದಿನ ಟೈರ್ ಒಳಮೈ ಒದ್ದೆ ಇದ್ದರೆ ಲೋಟದ ಪರೀಕ್ಷೆ ಮಾಡಿ. ತೇಲಿದರೆ ಆಕ್ಸಲ್ ಸೀಲ್, ಕರಗಿದರೆ ವೀಲ್ ಸಿಲಿಂಡರ್. ಎರಡರಲ್ಲೂ ಲೈನರ್ ನೆನೆದಿದ್ದರೆ ಬದಲಾಯಿಸಲೇಬೇಕು, ಅದೂ ಎರಡೂ ಬದಿ ಜೋಡಿಯಾಗಿ. ಪೆಟ್ರೋಲ್‌ನಲ್ಲಿ ತೊಳೆದು, ಎಣ್ಣೆ ಸುಟ್ಟು ಅದನ್ನೇ ಮತ್ತೆ ಹಾಕುವ ಕೆಲಸ ಬೇಡ, ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಹೊರಗೆ ಬರುತ್ತದೆ, ಗಾಡಿ ಒಂದು ಕಡೆ ಎಳೆಯುತ್ತದೆ.

## ಹಂತ 6: ಬಿಗಿ ಮಾಡುವಾಗ ಆಗುವ ತಪ್ಪುಗಳು

ಪ್ಯಾಕಿಂಗ್ ಸೋರಿದರೆ ಮೊದಲು ಬೋಲ್ಟ್ ಸಡಿಲವಾಗಿದೆಯಾ ನೋಡಿ, ಆದರೆ ಮೈಯೆಲ್ಲ ಶಕ್ತಿ ಹಾಕಿ ಬಿಗಿಯಬೇಡಿ. ತಗಡಿನ ಕವರ್ ಬೋಲ್ಟ್ ಹತ್ತಿರ ಬಾಗುತ್ತದೆ, ನಡುವೆ ಎದ್ದು ನಿಲ್ಲುತ್ತದೆ, ಲೀಕ್ ಜಾಸ್ತಿಯಾಗುತ್ತದೆ. ಬಾಗಿದ ಅಂಚನ್ನು ಚಪ್ಪಟೆ ಮಾಡಿಯೇ ಹೊಸ ಪ್ಯಾಕಿಂಗ್ ಹಾಕಬೇಕು.

ಅನಾಬಾಂಡ್ (ಪ್ಯಾಕಿಂಗ್‌ಗೆ ಹಚ್ಚುವ ಅಂಟು) ಬಳಿಯುವುದರಲ್ಲೂ ಅತಿ ಬೇಡ. ಹೊರಗೆ ಹಿಂಡಿಕೊಂಡು ಬಂದಷ್ಟೇ ಒಳಗೂ ಹಿಂಡಿರುತ್ತದೆ, ಅದು ಕಿತ್ತು ಬಂದು ಆಯಿಲ್ ಪಂಪಿನ ಜಾಲರಿಯಲ್ಲಿ ಸಿಕ್ಕಿಕೊಂಡರೆ ಎಂಜಿನ್ನೇ ಹೋಗುತ್ತದೆ. ತೆಳುವಾದ ಒಂದು ಗೆರೆ ಸಾಕು, ಹಚ್ಚುವ ಜಾಗ ಜಿಡ್ಡಿಲ್ಲದೆ ಒಣಗಿರಬೇಕು, ಒಣಗಲು ಬಿಟ್ಟು ಆಮೇಲೆ ಆಯಿಲ್ ಹಾಕಬೇಕು.

ಡ್ರೈನ್ ಬೋಲ್ಟ್ ವಾಷರ್ ಪ್ರತಿ ಸಲ ಹೊಸದು. ಗೇರ್‌ಬಾಕ್ಸ್, ಕ್ರೌನ್ ಆಯಿಲ್ ಬದಲಾಯಿಸುವಾಗ ಮೊದಲು *ತುಂಬುವ* ಬೋಲ್ಟ್ ಬಿಚ್ಚಿ, ಆಮೇಲೆ ಇಳಿಸುವ ಬೋಲ್ಟ್. ಉಲ್ಟಾ ಮಾಡಿ ಹಳೇದನ್ನು ಇಳಿಸಿದ ಮೇಲೆ ತುಂಬುವ ಬೋಲ್ಟ್ ತುಕ್ಕು ಹಿಡಿದು ಬರದಿದ್ದರೆ ಗಾಡಿ ಅಲ್ಲೇ ಕೂತುಬಿಡುತ್ತದೆ. ತೂತಿನ ಅಂಚಿನವರೆಗೆ ತುಂಬಿದರೆ ಸಾಕು, "ಇರಲಿ" ಅಂತ ಜಾಸ್ತಿ ತುಂಬಿದ್ದು ಸೀಲ್ ದಾಟಿ ಬರುತ್ತದೆ. ಯಾವ ಆಯಿಲ್ ಅನ್ನುವುದನ್ನು ಗಾಡಿಯ ಪುಸ್ತಕ ನೋಡಿಯೇ ಹಾಕಿ. ಕ್ರೌನ್‌ಗೆ ಹಾಕುವ ಜಿಎಲ್-5 ಆಯಿಲ್ ಕೆಲವು ಗೇರ್‌ಬಾಕ್ಸ್‌ಗಳ ಹಿತ್ತಾಳೆ ರಿಂಗ್‌ಗೆ ಆಗುವುದಿಲ್ಲ. ಬ್ರೇಕ್ ಮಾಸ್ಟರ್‌ಗೆ ಎಂಜಿನ್ ಆಯಿಲ್ ಒಂದು ಹನಿಯೂ ಬೀಳಬಾರದು, ರಬ್ಬರ್‌ಗಳೆಲ್ಲ ಉಬ್ಬಿ ಬ್ರೇಕ್ ಹೋಗುತ್ತದೆ.

## ಹಂತ 7: ಲೆಕ್ಕ ಬರೆದಿಡಿ, ಮೇಲ್ವಿಚಾರಣೆ ಮುಂದುವರಿಸಿ

ಹಳೇ ಗಾಡಿ ಅಂದ ಮೇಲೆ ಒಂದೆರಡು ಕಡೆ ಜಿಡ್ಡು ಇದ್ದೇ ಇರುತ್ತದೆ, ಎಲ್ಲವನ್ನೂ ಒಣ ಮಾಡಲು ಹೋಗಬೇಡಿ. ಎಷ್ಟು ಹೋಗುತ್ತಿದೆ ಅನ್ನುವುದು ಮುಖ್ಯ. ಸುಮಾರು 20 ಹನಿಗೆ 1 ಎಂಎಲ್. ಎಂಜಿನ್ ಓಡುವಾಗ 10 ಸೆಕೆಂಡಿಗೆ ಒಂದು ಹನಿ ಬಿದ್ದರೆ ಗಂಟೆಗೆ 18 ಎಂಎಲ್, ದಿನಕ್ಕೆ 8 ಗಂಟೆ ಓಡಿದರೆ ವಾರಕ್ಕೆ ಸುಮಾರು 1 ಲೀಟರ್. ಇದನ್ನು ಬಿಡುವಂತಿಲ್ಲ. ರಾತ್ರಿಗೆ ಎರಡು ಹನಿ ಬಿದ್ದರೆ ಬರೆದಿಟ್ಟು ನೋಡುತ್ತಿರಿ.

ನೋಟ್‌ಬುಕ್‌ನಲ್ಲಿ ತಾರೀಖು, ಕಿಲೋಮೀಟರ್, ಯಾವುದನ್ನು ಎಷ್ಟು ಸೇರಿಸಿದಿರಿ, ಇಷ್ಟು ಸಾಕು. ವಾರಕ್ಕೊಮ್ಮೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್, ಸ್ಟೀರಿಂಗ್ ಆಯಿಲ್ ನೋಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಸೋರದಿದ್ದರೂ 2 ವರ್ಷಕ್ಕೊಮ್ಮೆ ಬದಲಾಯಿಸಿ. ಅರ್ಧ ಬಳಸಿ ಮುಚ್ಚಳ ಸಡಿಲ ಬಿಟ್ಟ ಹಳೇ ಡಬ್ಬಿ ಮತ್ತೆ ಬಳಸಬೇಡಿ.

ವಾಟರ್ ಸರ್ವಿಸ್ ಆದ ಪ್ರತಿ ಸಲ ಪ್ರೊಪೆಲ್ಲರ್ ಶಾಫ್ಟ್ ಕ್ರಾಸ್‌ಗಳಿಗೆ (ಯೂನಿವರ್ಸಲ್ ಜಾಯಿಂಟ್), ಲೀಫ್ ಪ್ಲೇಟ್ ಶ್ಯಾಕಲ್‌ಗಳಿಗೆ ಗ್ರೀಸ್ ಗನ್ ಹೊಡೆಸಿ, ಹಳೇ ಗ್ರೀಸ್ ಹೊರಗೆ ಬರುವವರೆಗೆ. ಕ್ರಾಸ್ ಸವೆದು ಶಾಫ್ಟ್ ಅದುರಿದರೆ ಗೇರ್‌ಬಾಕ್ಸಿನ ಹಿಂದಿನ ಸೀಲೂ ಕ್ರೌನ್ ಪಿನಿಯನ್ ಸೀಲೂ ಬೇಗ ಹೋಗುತ್ತವೆ. ಸೀಲ್ ಬದಲಾಯಿಸುವ ಮುಂಚೆ ಶಾಫ್ಟ್ ಹಿಡಿದು ಅಲುಗಾಡಿಸಿ ನೋಡಿ, ಆಟ ಇದ್ದರೆ ಮೊದಲು ಕ್ರಾಸ್.

8 ವರ್ಷ ದಾಟಿದ ಗೂಡ್ಸ್ ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು, ನಿಮ್ಮದು ಚಿತ್ರದುರ್ಗದ ಕೆಎ 16 ಇರಲಿ ದಾವಣಗೆರೆಯ ಕೆಎ 17 ಇರಲಿ. ಎಫ್‌ಸಿ ಹಿಂದಿನ ದಿನ ತೊಳೆಸಿ ಬಣ್ಣ ಹೊಡೆಸುವವರು ಬಹಳ. ಅದರ ಬದಲು ಒಂದು ತಿಂಗಳು ಮುಂಚೆಯೇ ತೊಳೆದು, ರಟ್ಟು ಹಾಸಿ, ಹಂತ 1ರಿಂದ ಒಮ್ಮೆ ನೋಡಿಬಿಡಿ. ಪಾರ್ಟ್ ತರಿಸಲು, ಮತ್ತೆ ಸೋರುತ್ತದಾ ಅಂತ ನೋಡಲು ಸಮಯ ಇರುತ್ತದೆ. ಇಳಿಸಿದ ಹಳೇ ಆಯಿಲ್ಲನ್ನು ಚರಂಡಿಗೆ ಸುರಿಯದೆ ಕ್ಯಾನ್‌ನಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ, ಅಲ್ಲಿಂದ ತೆಗೆದುಕೊಂಡು ಹೋಗುವವರು ಇರುತ್ತಾರೆ. ಕೂಲಂಟ್ ಚೆಲ್ಲಿದ್ದರೆ ಮಣ್ಣು ಹಾಕಿ ಬಳಿದು, ಆ ಜಾಗ ನೀರಿನಿಂದ ಚೆನ್ನಾಗಿ ತೊಳೆಯಿರಿ. ಸಿಹಿ ಅಂತ ಬೀದಿ ನಾಯಿ ನೆಕ್ಕಿದರೆ ಸಾಯಬಹುದು.